ಎಫ್-ತ್ರೀ

ಸರಿ ಮಾಡಿದ್ದನ್ನು ಯಾರಿಗೂ ಹೇಳದೆ ಮುಚ್ಚಿಟ್ಟರೆ ಅದೂ ಒಂದು ಕಳ್ಳತನವೇ ಆಗುತ್ತದೆಯೋ ಎಂಬ ಸಣ್ಣ ಸಂಶಯ ಹೇಮಾಕ್ಷಿಗೆ ಬಂದದ್ದು ಬಾವಿಕಟ್ಟೆಯ ಹತ್ತಿರ ಹಲ್ಲುಜ್ಜುತ್ತಿದ್ದಾಗ. ಸಂಶಯ ಸಣ್ಣದೇ, ಹಲ್ಲಿನ ಸಂದಿಗೆ ಸಿಕ್ಕಿದ ತೆಂಗಿನ ತುರಿಯಷ್ಟು. ಆದರೆ ನಾಲಿಗೆ ಬೇಡವೆಂದರೂ ಅಲ್ಲಿಗೇ ಹೋಗುತ್ತಿತ್ತು. ನಿನ್ನೆ ಡೈರಿಯಲ್ಲಿ ಬರೆದದ್ದು ಎರಡೇ ವಾಕ್ಯ: ‘ನಾಲ್ಕು ಗಂಟೆಗೆ ಒಂದನ್ನು ತಿರುಗಿ ಹತ್ತು ಮಾಡಿದೆ. ಯಾರೂ ನೋಡಲಿಲ್ಲ.’ ಪದವಿ ಮುಗಿಸಿ ಎರಡು ವರ್ಷವಾದರೂ ಡೈರಿ ಬರೆಯುವ ಅಭ್ಯಾಸ ಬಿಟ್ಟಿರಲಿಲ್ಲ. ಆದರೆ ಡೈರಿಯ ಎದುರಿಗೂ ಅವಳಿಗೆ ನಾಚಿಕೆ, ಅದಕ್ಕೂ ಅರ್ಧ ಹೇಳಿ ಅರ್ಧ ನುಂಗುವವಳು. ಇವತ್ತು ಎದ್ದಕೂಡಲೇ ಪೆನ್ನು ತೆಗೆದು ಅದರ ಕೆಳಗೆ ‘ಉರ್ಸುಲಾ ಬಾಯಿ’ ಎಂದು ಬರೆದಿದ್ದಳು. ಅಷ್ಟಕ್ಕೇ ಕೈ ನಿಂತಿತು. ಪುಸ್ತಕವನ್ನು ಹಾಸಿಗೆಯ ಸುರುಳಿಯೊಳಗೆ ತುರುಕಿ ಹೊರಗೆ ಬಂದಿದ್ದಳು.

“ಹೇಮಾ, ಗಂಜಿ ತಣಿಯಿತು. ಬ್ರಶ್ಶನ್ನೇ ತಿಂದು ಹೋಗ್ತೀಯಾ ಹೇಗೆ?” ಎಂದು ಒಳಗಿನಿಂದ ತಾಯಿ ಕಿನ್ನಿ ಕೂಗಿದಳು. ಅಂಗಳದಾಚೆ ತಂದೆ ನೋಣಯ್ಯ ಉದುರಿದ ಮಡಲುಗಳನ್ನು ಎಳೆದು ರಾಶಿ ಹಾಕುತ್ತಿದ್ದ. ಮಡಲು ಅವನದಲ್ಲ, ತೆಂಗಿನ ಮರಗಳು ಅವನವಲ್ಲ, ಅವರು ಮಲಗುವ ಎರಡು ಕೋಣೆಯ ಹಂಚಿನ ಮನೆಯೂ ಅವನದಲ್ಲ. ಕೊಟ್ಟಾರದ ಈ ಹಿತ್ತಿಲು ಮಹಾಬಲ ಧಣಿಯದು, ನೋಣಯ್ಯ ನೋಡಿಕೊಳ್ಳುವವನು. ಹೇಮಾಕ್ಷಿ ಕೆಲಸ ಮಾಡುವ ಕೊಡಿಯಾಲ್‌ಬೈಲಿನ ಆಫೀಸೂ ಅವರದೇ. ಪರವೂರಿನ ಕಾಫಿ, ಗೇರುಬೀಜಗಳನ್ನು ಪಣಂಬೂರಿನಲ್ಲಿ ಹಡಗಿಗೆ ಹತ್ತಿಸಿ ಅದರ ಕಾಗದಪತ್ರ ಮಾಡಿಕೊಡುವ ಏಜೆನ್ಸಿ. “ಧಣಿಗೆ ಒಂದು ಮಾತು ಹೇಳು ಮಗಾ, ಮರದಿಂದ ಬೊಂಡ ಇಳಿಸಿ ಇಟ್ಟಿದ್ದೇನೆ, ಜೀಪು ಕಳಿಸಬಹುದಂತೆ ಅಂತ,” ಎಂದ ನೋಣಯ್ಯ. ಧಣಿ ಎನ್ನುವ ಶಬ್ದ ಬಂದಾಗ, ಮೊದಲೇ ಬಗ್ಗಿದ್ದ ಬೆನ್ನು ಇನ್ನೂ ಒಂದಿಷ್ಟು ಬಗ್ಗಿತು. ಆ ಬೆನ್ನನ್ನು ನೋಡಿ ಹೇಮಾಕ್ಷಿಯ ಮೈಯೆಲ್ಲ ಉರಿಯಿತು. ನಿಮಗೆ ಬಾಯಿಲ್ಲವಾ, ನೀವೇ ಹೇಳಿ, ಎನ್ನಬೇಕೆನಿಸಿತು. “ಆಯ್ತಪ್ಪಾ” ಎಂದಳು.

ಬಸ್ಸಿನಲ್ಲಿ ಕಂಡಕ್ಟರ್ ಎಂದಿನಂತೆ “ಮುಂದೆ ಹೋಗಿ ಅಕ್ಕಾ, ಮುಂದೆ ಫುಟ್‌ಬಾಲ್ ಆಡುವಷ್ಟು ಜಾಗ ಉಂಟು” ಎಂದು ಬೆನ್ನಿಗೆ ಬೆನ್ನು ಒತ್ತಿದವರನ್ನೆಲ್ಲ ಇನ್ನಷ್ಟು ಒತ್ತುತ್ತಿದ್ದ. ಮುಂದೆ ಜಾಗವಿರಲಿಲ್ಲ. ಅವನ ಮೇಲೆ ಸಿಟ್ಟು ಬಂತು. ಕೈಚೀಲ ತಾಗಿಸಿದ ಹೆಂಗಸಿನ ಮೇಲೆ ಬಂತು. ಇಳಿಯುವ ಬಾಗಿಲಲ್ಲಿ ನಿಂತು ಅಲ್ಲಾಡದ ಕಾಲೇಜು ಹುಡುಗಿಯರ ಮೇಲೆ ಬಂತು. ಇವರ್ಯಾರ ಮೇಲೂ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ನಿಲ್ದಾಣದಲ್ಲಿ ಮೂವರು ಇಳಿಯಬೇಕಾಗಿತ್ತು, ಗಂಡ, ಹೆಂಡತಿ, ಒಂದು ಮುದುಕಿ. ಗಂಡ ಇಳಿದಕೂಡಲೇ ಸೀಟಿ ಊದಿ ಬಸ್ಸು ಹೊರಟೇಬಿಟ್ಟಿತು. ಹೆಂಡತಿ ಒಳಗೆ ಬೊಬ್ಬೆ, ಗಂಡ ಹೊರಗೆ ಬೊಬ್ಬೆ. “ಒಟ್ಟಿಗೆ ಇಳಿಯಬೇಕಲ್ಲ ಮಾರಾಯ್ರೇ, ನಮಗೆಂತ ಗೊತ್ತು ನೀವು ಮೂರು ಜನ ಒಂದೇ ಅಂತ!” ಎಂದು ಕಂಡಕ್ಟರ್ ಗೊಣಗಿದ. ಬಸ್ಸೆಲ್ಲ ನಕ್ಕಿತು. ಹೇಮಾಕ್ಷಿ ಮಾತ್ರ ಹಿಂದೆ ಉಳಿದ ಆ ಗಂಡನನ್ನು ಕಿಟಕಿಯಿಂದ ತಿರುಗಿ ನೋಡಿದಳು. ಇದೇ ಆದದ್ದು. ಪಣಂಬೂರಿನಲ್ಲಿ ಆದದ್ದು ಸರಿಯಾಗಿ ಇದೇ.

ಆ ಕೀ ಒತ್ತಿದರೆ ಹೋಗುವುದು ಒಂದು ಅಕ್ಷರವಲ್ಲ, ಮೂರು. ಇದು ಆಫೀಸಿನಲ್ಲಿ ಅವಳೊಬ್ಬಳಿಗೇ ಗೊತ್ತಿರುವ ಸಂಗತಿ. ಕೀಬೋರ್ಡಿನ ಮೇಲಿನ ಸಾಲಿನಲ್ಲಿರುವ ಎಫ್-ತ್ರೀ ಒತ್ತಿದರೆ ಮೊದಲು ಎಸ್ಕೇಪ್ ಎಂಬ ಕಣ್ಣಿಗೆ ಕಾಣದ ಗುರುತು, ಅದರ ಹಿಂದೆ ‘ಓ’, ಅದರ ಹಿಂದೆ ‘ಆರ್’, ಹೀಗೆ ಮೂರು, ಒಂದರ ಬೆನ್ನಿಗೊಂದು ತಂತಿಯಲ್ಲಿ ಓಡಿ ಯಂತ್ರಕ್ಕೆ ಮುಟ್ಟುತ್ತವೆ. ಮೂರೂ ಒಟ್ಟಿಗೆ ಬಂದರೆ ಎಡಿಟರ್ ಎಂಬ, ಬರೆಯಲು ತಿದ್ದಲು ಇರುವ ಪ್ರೋಗ್ರಾಮು ಗುರುತು ಹಿಡಿಯುತ್ತದೆ, ಇದು ಎಫ್-ತ್ರೀ, ಬರೆದದ್ದನ್ನು ಉಳಿಸು ಎಂದರ್ಥ. ಮೊದಲನೆಯದು ಬಂದು ಉಳಿದೆರಡು ತಡ ಮಾಡಿದರೆ ಅದು ಕಾಯುವುದಿಲ್ಲ. ಎಸ್ಕೇಪನ್ನು ಬೇರೆ, ಓವನ್ನು ಬೇರೆ, ಆರ್ ಅನ್ನು ಬೇರೆ ಎಂದು ತಿಳಿಯುತ್ತದೆ. ಓ ಎಂದರೆ ಅದರ ಭಾಷೆಯಲ್ಲಿ ‘ಮೇಲೊಂದು ಹೊಸ ಸಾಲು ತೆರೆ’. ತೆರೆಯುತ್ತದೆ. ಆ ಸಾಲಿನಲ್ಲಿ ಒಂದು ಆರ್ ಬಂದು ಕೂರುತ್ತದೆ. ಆಮೇಲೆ ಟೈಪು ಮಾಡಿದ್ದೆಲ್ಲ ಕೆಳಗೆ ಹೋಗುವ ಬದಲು ಮೇಲೆ ಸೇರುತ್ತದೆ, ಮೂಟೆಗಳ ಪಟ್ಟಿಯಾದರೆ ನಲುವತ್ತೆರಡನೇ ಮೂಟೆಯ ಗುರುತು ನಲುವತ್ತೊಂದರ ತಲೆಯ ಮೇಲೆ. ಎಷ್ಟು ಹೊತ್ತು ಕಾಯಬೇಕು ಎನ್ನುವುದಕ್ಕೆ ಒಂದು ಸಂಖ್ಯೆಯುಂಟು. ಸೆಕೆಂಡಿನ ಹತ್ತನೇ ಪಾಲಿನ ಲೆಕ್ಕದಲ್ಲಿ ಅದು ಹತ್ತು ಇತ್ತು. ಹತ್ತನ್ನು ಒಂದು ಮಾಡಿದವಳು ಅವಳು.

ಕೊಡಿಯಾಲ್‌ಬೈಲಿನಲ್ಲಿ ಇಳಿದು ಆಫೀಸಿನ ಮೆಟ್ಟಿಲು ಹತ್ತುವಾಗ ಕಾಲು ತಾನಾಗಿ ಚಪ್ಪಲಿ ಬಿಟ್ಟಿತು. ಕಂಪ್ಯೂಟರ್ ಬಂದ ದಿನದಿಂದ ಹಾಗೆ. ಹೋದ ವರ್ಷ ಯಂತ್ರವನ್ನು ತಂಪು ಕೋಣೆಯಲ್ಲಿ ಕೂರಿಸಿ ಪೂಜೆ ಮಾಡಿದ್ದರು. ಅರಸಿನ ಕುಂಕುಮ, ಕೇಪಳ ಹೂವು, ಕೀಬೋರ್ಡಿನ ಸಂದಿಯಲ್ಲಿ ಇನ್ನೂ ಕೆಂಪು. ಧಣಿಯ ತಂಗಿ ರತ್ನಾವತಿಯಮ್ಮ ಪ್ರಸಾದ ಹಂಚುತ್ತಾ ಇವಳ ಎದುರು ಬಂದು “ನೀನು ಯಾರ ಮಗಳು? ನಮ್ಮ ನೋಣಯ್ಯನ ಮಗಳಾ? ಬೆಳೆದದ್ದು ನೋಡು!” ಎಂದು ಪ್ರೀತಿಯಿಂದಲೇ ಕೇಳಿ, ಒಂದು ಗೇಣು ಎತ್ತರದಿಂದ ಪಂಚಕಜ್ಜಾಯವನ್ನು ಕೈಗೆ ಹಾಕಿದ್ದರು. ಅರ್ಧ ಕೈಗೆ ಬಿತ್ತು, ಅರ್ಧ ನೆಲಕ್ಕೆ. ನೆಲಕ್ಕೆ ಬಿದ್ದದ್ದನ್ನು ಹೆಕ್ಕಿದ್ದು ಹೇಮಾಕ್ಷಿಯೇ, ಪ್ರಸಾದವಲ್ಲವೇ, ಯಾರಾದರೂ ತುಳಿದಾರು ಎಂದು. ಬಗ್ಗಿ ಹೆಕ್ಕುವಾಗ ರತ್ನಾವತಿಯಮ್ಮನ ಮಗ ಚಿತ್ತರಂಜನನ ಹೊಳೆಯುವ ಉಗುರುಗಳ ಕಾಲು ಕಂಡಿತ್ತು. ಅವನು ಧಣಿಯ ಸೋದರಳಿಯ. ಧಣಿಗೆ ಎರಡು ಗಂಡುಮಕ್ಕಳಿದ್ದರೂ ಯಜಮಾನಿಕೆ ಅಳಿಯನಿಗೇ ಎಂದು ಆ ಮನೆತನದಲ್ಲಿ ತಲೆತಲಾಂತರದ ಕಟ್ಟು. ಕಾನೂನು ಬದಲಾದರೂ ಕಟ್ಟು ಬದಲಾಗಿರಲಿಲ್ಲ. ಕಂಪ್ಯೂಟರ್ ವಿಭಾಗಕ್ಕೆ ಅವನೇ ಮುಖ್ಯಸ್ಥ. ಮುಂಬಯಿಯಲ್ಲಿ ಆರು ತಿಂಗಳ ಕೋರ್ಸು ಮಾಡಿ ಬಂದಿದ್ದ. ಕೆಟ್ಟವನಲ್ಲ. ಹಾಗೆ ನೋಡಿದರೆ ಇವರ್ಯಾರೂ ಕೆಟ್ಟವರಲ್ಲ, ಅದೇ ಅವಳಿಗೆ ಸಹಿಸಲಾಗದ್ದು.

ಜನವರಿಯಲ್ಲಿ ಹೊಸ ಟರ್ಮಿನಲ್‌ಗಳು ಬಂದವು, ಆಫೀಸಿಗೆ ನಾಲ್ಕು, ಪಣಂಬೂರಿನ ಶೆಡ್ಡಿಗೆ ಟೆಲಿಫೋನ್ ತಂತಿಯ ಮೂಲಕ ಒಂದು. ಬಂದ ದಿನವೇ ಮೇಲಿನ ಸಾಲಿನ ಕೀಗಳೆಲ್ಲ ಹುಚ್ಚು ಹಿಡಿದವು. ಉಳಿಸಲು ಒತ್ತಿದರೆ ಅಳಿಸುತ್ತಿತ್ತು, ಪುಟ ತಿರುಗಿಸಲು ಒತ್ತಿದರೆ ಕಸದಂತೆ ಅಕ್ಷರ ಉದುರುತ್ತಿತ್ತು. ಕಂಪೆನಿಯ ಇಂಜಿನಿಯರ್ ಎರಡು ಸಲ ಬಂದು ಬೊಂಡ ಕುಡಿದು ಹೋದ. ಚಿತ್ತರಂಜನ ಮಾನ್ಯುಯಲ್ಲನ್ನು ಅವಳ ಮೇಜಿನ ಮೇಲೆ ಹಾಕಿ, “ಸ್ವಲ್ಪ ನೋಡಿ ಹೇಮಾಕ್ಷಿ, ನಿಮಗೆ ಹೇಗೂ ಓದುವ ಹುಚ್ಚು” ಎಂದ. ಹನ್ನೊಂದು ಮಧ್ಯಾಹ್ನ ಅವಳು ಊಟದ ಡಬ್ಬಿ ಬಿಚ್ಚದೆ ಕೂತಳು. ಒಂದೊಂದು ಕೀ ಒತ್ತಿ ಅದರ ಬೆನ್ನ ಹಿಂದೆ ಯಾವ ಅಕ್ಷರಗಳು ಹೋಗುತ್ತವೆ ಎಂದು ಹಿಡಿದಳು, ಬರೆದಳು, ಎಡಿಟರ್ ಓದುವ ಕಡತದಲ್ಲಿ ಒಂದೊಂದಕ್ಕೂ ಒಂದೊಂದು ಸಾಲು ಸೇರಿಸಿದಳು. ಹನ್ನೊಂದನೆಯ ದಿನ ಎಫ್-ತ್ರೀ ಒತ್ತಿದಾಗ ಪರದೆಯ ಕೆಳಗೆ ಕಡತದ ಹೆಸರು, ಸಾಲುಗಳ ಎಣಿಕೆ ಸದ್ದಿಲ್ಲದೆ ಮೂಡಿತು. ಉಳಿಯಿತು! ಅವಳ ಕಣ್ಣಲ್ಲಿ ನೀರು ಬಂದಿತ್ತು. ಇಷ್ಟು ವರ್ಷದಲ್ಲಿ ಪ್ರಪಂಚ ಅವಳು ಹೇಳಿದ್ದನ್ನು ಒಮ್ಮೆಗೇ ಕೇಳಿದ್ದು ಅದೇ ಮೊದಲು. ಆಗಲೇ ಧಣಿ ಒಳಗೆ ಬಂದದ್ದು. “ಎಂತ ಚಿತ್ತಾ, ನಿನ್ನ ಕೀಗಳಿಗೆ ಬುದ್ಧಿ ಬಂತಾ?” “ಬಂತು ಮಾವ. ಕಂಪೆನಿಯವನ ಕೈಯಲ್ಲಿ ಆಗದ್ದು. ನಾನೇ ಕೂತು ಸರಿ ಮಾಡಿದೆ.” ಹೇಳಿ ಅವನು ಇವಳತ್ತ ತಿರುಗಿ, ನಗುತ್ತಾ, ಯಾವ ಕಳ್ಳತನವೂ ಇಲ್ಲದ ಮುಖದಲ್ಲಿ, “ಅಲ್ವಾ ಹೇಮಾಕ್ಷಿ?” ಎಂದಿದ್ದ. ಅವಳ ತಲೆ ಆಡಿತು. ಹೌದು ಎಂದು ಆಡಿತು. ಅವನು ಕದ್ದದ್ದನ್ನು ಅವಳು ಕ್ಷಮಿಸಿಯಾಳು. ಆಡಿದ ತನ್ನ ತಲೆಯನ್ನು ಅಲ್ಲ. ಅಂದು ಡೈರಿಯಲ್ಲಿ ಮೂರೇ ಶಬ್ದ, ಅದು ಮಾಡಿದ್ದು ನಾನು, ಎಂದು ಬರೆದಳು. ಅದರ ಮೇಲೆಯೇ ಮತ್ತೆ ಬರೆದಳು, ಮತ್ತೆ. ಕಾಗದ ಹರಿದು ಪೆನ್ನಿನ ಮುಳ್ಳು ಮರುದಿನದ ಪುಟಕ್ಕೆ ಇಳಿಯಿತು.

ಹೋದ ತಿಂಗಳು ಚಿತ್ತರಂಜನನಿಗೆ ಎಸ್ಕೇಪ್ ಕೀ ನಿಧಾನ ಎನಿಸಿತು. “ಒತ್ತಿದ ಮೇಲೆ ಒಂದು ಸೆಕೆಂಡು ಸತ್ತ ಹಾಗೆ ನಿಲ್ತದೆ ಮಾರಾಯ್ತಿ, ಎಂತ ಮಾಡಿದ್ದೀರಿ ನೀವು?” ಎಂದ. ಕೀರ್ತಿ ಬಂದಾಗ ನಾನು, ಕಿರಿಕಿರಿ ಬಂದಾಗ ನೀವು. ಅವಳು ಸಿಟ್ಟಿನಲ್ಲಿಯೇ ಹತ್ತನ್ನು ಒಂದು ಮಾಡಿದಳು. ಆಫೀಸಿನ ನಾಲ್ಕು ಟರ್ಮಿನಲ್‌ಗಳಲ್ಲಿ ಒತ್ತಿ ನೋಡಿದಳು, ಬಾಣದಂತೆ ಓಡಿತು. ಪಣಂಬೂರಿನದ್ದನ್ನು ನೋಡಬೇಕಾಗಿತ್ತು, ಟೆಲಿಫೋನ್ ತಂತಿಯಲ್ಲಿ ಅಕ್ಷರಗಳು ತಡವಾಗಿ ಮುಟ್ಟುತ್ತವೆ. ಅಲ್ಲಿಗೆ ಹೋಗಬೇಕಾದರೆ ಚಿತ್ತರಂಜನನನ್ನು ಕೇಳಬೇಕು, ಜೀಪಿನಲ್ಲಿ ಲೋಡಿಂಗಿನ ಗಂಡಸರ ನಡುವೆ ಕೂರಬೇಕು, ಯಾಕೆ ಎಂದರೆ ವಿವರಿಸಬೇಕು. ಕೇಳುವ ಆ ಒಂದು ಮಾತಿಗೆ ಹೆದರಿ ಅವಳು ಲಾಗ್ ಬುಕ್ಕಿನಲ್ಲಿ ‘ಎಲ್ಲ ಟರ್ಮಿನಲ್‌ಗಳಲ್ಲೂ ಪರೀಕ್ಷಿಸಲಾಗಿದೆ’ ಎಂದು ಮುದ್ದಾದ ಅಕ್ಷರದಲ್ಲಿ ಬರೆದಳು. ಯಾರು ಪರೀಕ್ಷಿಸಿದ್ದೆಂದು ವಾಕ್ಯದಲ್ಲಿ ಇರಲಿಲ್ಲ. ಚಿತ್ತರಂಜನ ಓದದೆ ಸಹಿ ಹಾಕಿದ.

ಮೊನ್ನೆ ಕಾಫಿ ಮೂಟೆಗಳ ಪಟ್ಟಿಯಲ್ಲಿ ಗುರುತು ಒಂದು, ತೂಕ ಇನ್ನೊಂದು ಎಂದು ಕಸ್ಟಮ್ಸಿನವರು ವಾಪಸು ಹಾಕಿದರು. ತಿದ್ದಿ ತರುವುದರೊಳಗೆ ಹಡಗು ಹೊರಟುಹೋಯಿತು. ಪಟ್ಟಿ ಟೈಪು ಮಾಡಿದ್ದು ಪಣಂಬೂರಿನ ಶೆಡ್ಡಿನಲ್ಲಿ ಕೂರುವ ಉರ್ಸುಲಾ ಬಾಯಿ. ನಿನ್ನೆ ಆ ಪಟ್ಟಿ ಹೇಮಾಕ್ಷಿಯ ಕೈಗೆ ಬಂದಾಗ ಸಾಲುಗಳ ನಡುವೆ ಅಲ್ಲಲ್ಲಿ ಒಂಟಿಯಾಗಿ ಕೂತ ಆರ್‌ಗಳು ಕಂಡವು. ಒಂದು, ಎರಡು, ಐದು. ಅವಳು ಓದಲಿಲ್ಲ, ನೋಡಿದಳು ಅಷ್ಟೆ, ಕಿವಿ ಬಿಸಿಯಾಯಿತು. ನಾಲ್ಕು ಗಂಟೆಗೆ ಎಲ್ಲರೂ ಚಹಾಕ್ಕೆ ಹೋದಾಗ ಕಡತ ತೆರೆದು ಒಂದರ ಪಕ್ಕ ಒಂದು ಸೊನ್ನೆ ಇಟ್ಟು ಎಫ್-ತ್ರೀ ಒತ್ತಿದಳು. ಇನ್ನು ಮುಂದೆ ಯಾರಿಗೂ ತೊಂದರೆಯಿಲ್ಲ ಎಂದುಕೊಂಡಳು. ಎಷ್ಟು ಹಗುರವಾಗಿತ್ತು ಆ ಹೊತ್ತು!

ವರಾಂಡದ ಬೆಂಚಿನಲ್ಲಿ ಉರ್ಸುಲಾ ಬಾಯಿ ಕೂತಿದ್ದಳು. ಐವತ್ತನಾಲ್ಕು ವರ್ಷ, ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ, ಅದರ ಅಂಚಿಗೆ ಪಣಂಬೂರಿನ ಕಬ್ಬಿಣದ ಅದಿರಿನ ಕೆಂಪು ಧೂಳು. ಬಂದರಿನ ಹಳೆ ಧಕ್ಕೆಯ ಕಾಲದಿಂದ, ಅಂದರೆ ಇಪ್ಪತ್ತೆರಡು ವರ್ಷದಿಂದ, ಧಣಿಯ ಏಜೆನ್ಸಿಯ ಟೈಪಿಸ್ಟು. ಅವಳ ಬೆರಳು ತಪ್ಪುವುದಿಲ್ಲ ಎನ್ನುವುದು ಬಂದರಿನಲ್ಲಿ ಒಂದು ಗಾದೆಯಾಗಿತ್ತು. “ಬಾ ಪುತಾ, ಬಾ ಮಗಾ, ಕೂತ್ಕೋ. ನನ್ನ ಮದುವೆಗೆ ನೆಂಟರು ಬರುದು ಇನ್ನೂ ತಡ ಉಂಟು,” ಎಂದಳು. ಅವಳಿಗೆ ಮದುವೆಯಾಗಿರಲಿಲ್ಲ, ಆ ತಮಾಷೆ ಎಲ್ಲರಿಗೂ ಹಳತು. ಹೇಮಾಕ್ಷಿ ಕೂರಲಿಲ್ಲ. “ನಮ್ಮ ಶೆಡ್ಡಿನ ಮೊಯ್ದೀನಬ್ಬ ಒಳಗೆ ಹೋಗಿದ್ದಾನೆ ಸಾಕ್ಷಿ ಹೇಳ್ಲಿಕ್ಕೆ. ಬೆಳಿಗ್ಗೆ ಆರು ಗಂಟೆಗೆ ಅವನನ್ನು ಕೂರಿಸಿ ನನ್ನ ಮೆಶಿನಿನಲ್ಲಿ ಕೀ ಒತ್ತಿಸಿದ್ದಾರೆ. ಮೂವತ್ತು ಸಲ! ಒಂದೇ ಒಂದು ಆರ್ ಬರಲಿಲ್ಲ ನೋಡು. ಮೂರು ವಾರದಿಂದ ನನಗೆ ಬರ್ತಾ ಇತ್ತು. ನಾನು ಫೋನಿನಲ್ಲಿ ಹೇಳಿದೆ ಚಿತ್ತರಂಜನ ಸರ್‌ಗೆ, ‘ಬಾಯಿ, ಸ್ವಲ್ಪ ನೋಡಿ ಒತ್ತಿ’ ಅಂದ್ರು. ನೋಡಿ ಒತ್ತಿದೆ. ಬಂತು. ಮೊಯ್ದೀನಬ್ಬ ಬೀಡಿ ಸೇದುವ ಕೈಯಲ್ಲಿ ಒತ್ತಿದ್ರೆ ಬರುದಿಲ್ಲ. ದೇವಾ, ನನ್ನ ಕೈಯ ಮೇಲೆ ಎಂತ ಸಿಟ್ಟು ಅದಕ್ಕೆ!” ಎಂದು ಉರ್ಸುಲಾ ಬಾಯಿ ಎರಡೂ ಕೈಗಳನ್ನು ಮಡಿಲಲ್ಲಿ ಮಗುಚಿ ನೋಡಿಕೊಂಡಳು. ಗೆಣ್ಣುಗಳು ಊದಿಕೊಂಡ ಬೆರಳು. “ಒಂದು ವೇಳೆ ನಂದೇ ಆಗಿರಬಹುದು ಅಂತ ಈಗ ನನಗೂ ಅನಿಸ್ತದೆ. ನಿನ್ನೆಯವರೆಗೆ ಅನಿಸ್ತಿರಲಿಲ್ಲ.”

ಮೂವತ್ತು ಸಲ. ಹೇಮಾಕ್ಷಿಗೆ ಲೆಕ್ಕ ತಿಳಿಯಿತು: ತಾನು ಸರಿ ಮಾಡಿದ್ದು ಕೀಯನ್ನಲ್ಲ, ಉರ್ಸುಲಾ ಬಾಯಿಯ ಕುತ್ತಿಗೆಯ ಕುಣಿಕೆಯನ್ನು. ಕೆಟ್ಟದ್ದು ಕೆಟ್ಟೇ ಇದ್ದಿದ್ದರೆ ಇವತ್ತು ಮೊಯ್ದೀನಬ್ಬನ ಬೆರಳಿಗೂ ಆರ್ ಬರುತ್ತಿತ್ತು, ಎಲ್ಲರೂ ನೋಡುತ್ತಿದ್ದರು, ಯಾರೂ ಏನೂ ಹೇಳಬೇಕಾಗಿರಲಿಲ್ಲ. ತಾನು ನಿನ್ನೆ ಸದ್ದಿಲ್ಲದೆ ಒಂದು ಸೊನ್ನೆ ಇಟ್ಟದ್ದರಿಂದ ಈ ಹೆಂಗಸು ತನ್ನ ಬೆರಳುಗಳನ್ನೇ ನಂಬದವಳಾದಳು. ಆ ಸಂಕಟದ ಮಧ್ಯೆಯೂ ಉರ್ಸುಲಾ ಬಾಯಿಯ ಮೇಲೆ ಒಂದು ಕೆಟ್ಟ ಸಿಟ್ಟು ಬಂತು: ಯಾಕೆ ಹೀಗೆ ಒಪ್ಪಿಕೊಳ್ಳುತ್ತಾಳೆ, ಯಾಕೆ ಮೇಜು ಗುದ್ದುವುದಿಲ್ಲ, ನಾನಲ್ಲ ಎಂದು ಯಾಕೆ ಬೊಬ್ಬೆ ಹೊಡೆಯುವುದಿಲ್ಲ? ಇವಳು ಬೊಬ್ಬೆ ಹೊಡೆದಿದ್ದರೆ ನಾನು ಸುಮ್ಮನಿರಬಹುದಿತ್ತು. “ನಾನು ಆ ಕೀಗೆ ಪ್ಲಾಸ್ಟರ್ ತುಂಡು ಅಂಟಿಸಿ ಪೆನ್ನಿನಲ್ಲಿ ಶಿಲುಬೆ ಬರ್ದಿದ್ದೆ ಪುತಾ, ಗೊತ್ತುಂಟಾ ನಿನಗೆ? ಅಷ್ಟು ಕಷ್ಟಪಟ್ಟು ಬರ್ದದ್ದನ್ನು ಉಳಿಸಿ ಕೊಡುವ ಕೀ ಅಂತ,” ಎಂದು ಉರ್ಸುಲಾ ಬಾಯಿ ನಕ್ಕಳು. ಒಳಗಿನಿಂದ ಬೆಲ್ಲು ಹೊಡೆಯಿತು.

ಬೆಲ್ಲು ಹೇಮಾಕ್ಷಿಗೆ. ಬಾಗಿಲಲ್ಲಿ ಚಿತ್ತರಂಜನ ಒಂದು ಚೀಟಿ ಕೊಟ್ಟ. “ಇದನ್ನು ಬೇಗ ಟೈಪ್ ಮಾಡಿ ತನ್ನಿ. ಕನ್ನಡದಲ್ಲಿ ಬರೆದಿದ್ದೇನೆ, ನೀವು ಒಳ್ಳೆಯ ಇಂಗ್ಲಿಷಿನಲ್ಲಿ ಹಾಕಿ. ಪಾಪ, ಬಾಯಿಗೆ ಮರ್ಯಾದೆಯಲ್ಲಿ ಹೋಗುವ ಹಾಗೆ ಇರಲಿ.” ಚೀಟಿಯಲ್ಲಿ: ‘ವಯಸ್ಸಿನಿಂದ ನನ್ನ ಕಣ್ಣು ಮಂಜಾಗಿ ಬೆರಳು ತಪ್ಪುತ್ತಿದೆ. ಪಟ್ಟಿಯ ತಪ್ಪು ನನ್ನದೇ. ಕೆಲಸದಿಂದ ಬಿಡುಗಡೆ ಮಾಡಬೇಕಾಗಿ ವಿನಂತಿ.’ ಅವಳು ತನ್ನ ಜಾಗಕ್ಕೆ ಹೋಗಿ ಕೂತಳು. ಬರಿಗಾಲಿನ ಕೆಳಗೆ ನೆಲ ತಣ್ಣಗಿತ್ತು. ಟೈಪು ಮಾಡಿದಳು. ಅವಳ ಬೆರಳುಗಳಿಗೆ ನಾಚಿಕೆ ಇರಲಿಲ್ಲ, ವ್ಯಾಕರಣ ತಪ್ಪದೆ ಓಡಿದವು. ‘ತಪ್ಪು ನನ್ನದೇ’ ಎಂಬುದಕ್ಕೆ ಎರಡು ಬಗೆಯ ಇಂಗ್ಲಿಷ್ ಹೊಳೆದು ಹೆಚ್ಚು ಗೌರವದ್ದನ್ನು ಆರಿಸಿದಳು. ಆರಿಸಿದ ಮೇಲೆ, ಏನು ಮಾಡುತ್ತಿದ್ದೇನೆ ಎಂದು ತಿಳಿದು, ಹಲ್ಲು ಕಚ್ಚಿ ಎಫ್-ತ್ರೀ ಒತ್ತಿದಳು. ಕಡತದ ಹೆಸರು, ಸಾಲುಗಳ ಎಣಿಕೆ. ಉಳಿಯಿತು. ಎಷ್ಟು ಚಂದ ಕೆಲಸ ಮಾಡುತ್ತದೆ! ಕೀಬೋರ್ಡನ್ನು ಎತ್ತಿ ನೆಲಕ್ಕೆ ಅಪ್ಪಳಿಸಬೇಕೆನಿಸಿತು. ಪ್ರಿಂಟರ್ ಕಿರುಗುಟ್ಟುತ್ತಾ ಕಾಗದವನ್ನು ಹೊರಗೆ ತಳ್ಳಿತು. ಅವಳು ಅಂಚಿನ ತೂತಿನ ಪಟ್ಟಿಗಳನ್ನು ನೀಟಾಗಿ ಹರಿದಳು.

ಒಳಗೆ ಧಣಿ ಮೇಜಿನ ಹಿಂದೆ. ಬಿಳಿ ಅಂಗಿ, ಮಡಚಿದ ಪೇಪರಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು, ಮೇಲೆ ಫ್ಯಾನ್ ಇದ್ದರೂ. ಅದು ಅವರ ಅಭ್ಯಾಸ. ಅವಳು ಚಿಕ್ಕವಳಿದ್ದಾಗ, ಆವತ್ತೂ ಹಾಗೆಯೇ. ತಾಲೂಕು ಕಚೇರಿಯ ಹಾಲಿನಲ್ಲಿ ಒಂದು ಬದಿಗೆ ಕುರ್ಚಿ ಹಾಕಿಸಿಕೊಂಡು, ಅರ್ಜಿಯ ಕಾಗದವನ್ನೇ ಮಡಚಿ ಗಾಳಿ ಹಾಕಿಕೊಳ್ಳುತ್ತಿದ್ದರು. ಒಂದು ಮಾತೂ ಆಡಿರಲಿಲ್ಲ. ಹತ್ತು ವರ್ಷದ ಹೇಮಾಕ್ಷಿ ಅಪ್ಪನ ಪಂಚೆಯ ತುದಿ ಹಿಡಿದು ನಿಂತಿದ್ದಳು. ಉಳುವವನೇ ಒಡೆಯ ಎಂದು ಸರಕಾರ ಹೇಳಿದ ಕಾಲ. ರೈತ ಸಂಘದವರು ಅರ್ಜಿ ಬರೆದು ಅಪ್ಪನ ಹೆಬ್ಬೆಟ್ಟು ಒತ್ತಿಸಿದ್ದರು. ಮೇಜಿನ ಆಚೆಯ ಅಧಿಕಾರಿ ಪೆನ್ನು ಎತ್ತಿ ಕೇಳಿದರು, “ನೋಣಯ್ಯಾ, ಆ ಗದ್ದೆ ಮಾಡುವುದು ಯಾರು?” ಅಷ್ಟೇ ಪ್ರಶ್ನೆ. ಅಪ್ಪನ ಕಾಲಿನ ಉಗುರುಸಂದಿಯಲ್ಲಿ ಅದೇ ಗದ್ದೆಯ ಕೆಸರು ಒಣಗಿ ಬಿಳಿಯಾಗಿತ್ತು. ಅವಳ ಕಣ್ಣಿನ ಮಟ್ಟಕ್ಕೆ ಸಿಗುತ್ತಿದ್ದುದು ಅದೇ. ಅಪ್ಪ ಧಣಿಯ ಕಡೆ ನೋಡಿದ. “ಅವರ ಮುಖ ಯಾಕೆ ನೋಡ್ತೀಯಪ್ಪಾ, ನನ್ನನ್ನು ನೋಡಿ ಹೇಳು. ಮಾಡುವುದು ಯಾರು?” ಎಂದು ಅಧಿಕಾರಿ ಎರಡನೆಯ ಸಲ ಕೇಳಿದರು. ಪೆನ್ನು ಕಾಯುತ್ತಿತ್ತು. ಅಪ್ಪ ಒಂದು ನಗೆ ನಕ್ಕ. “ಮಾತಾ ಧಣಿಕುಲೆನ,” ಎಂದ. ಎಲ್ಲ ಧಣಿಗಳದ್ದೇ. ಪೆನ್ನು ಇಳಿಯಿತು. ಹೊರಗೆ ಬಂದಾಗ ಧಣಿ ಅವಳ ತಲೆ ಸವರಿ, ಕಿತ್ತಳೆ ಬಣ್ಣದ ಸೋಡಾ ತೆಗೆಸಿಕೊಟ್ಟರು, “ಇವಳನ್ನು ಓದಿಸು ನೋಣಯ್ಯಾ, ಕೆಲಸ ನಾನು ಕೊಡ್ತೇನೆ” ಎಂದರು. ಕೊಟ್ಟ ಮಾತು ತಪ್ಪಲಿಲ್ಲ. ಅವಳು ಆ ಸೋಡಾವನ್ನು ಕೊನೆಯ ಹನಿಯವರೆಗೆ ಕುಡಿದಿದ್ದಳು, ಬಾಟಲಿ ಮೇಲೆತ್ತಿ, ಗೋಲಿ ಮೂಗಿಗೆ ಬಡಿಯುವವರೆಗೆ. ಇಷ್ಟು ವರ್ಷ ಅಪ್ಪನನ್ನು ಮನಸ್ಸಿನಲ್ಲೇ ಹೇಡಿ ಎಂದು ಬೈದವಳು ಜನವರಿಯಲ್ಲಿ ತಲೆ ಆಡಿಸಿ ಅದೇ ಉತ್ತರವನ್ನು ತಾನೂ ಕೊಟ್ಟಳಲ್ಲವೇ.

“ಓದಿ ಹೇಳು ಬಾಯಿಗೆ,” ಎಂದರು ಧಣಿ. ಹೇಮಾಕ್ಷಿ ಓದಿದಳು. ಒಳಗೆ ಕರೆಸಿದ್ದ ಉರ್ಸುಲಾ ಬಾಯಿ ನಿಂತೇ ಕೇಳಿದಳು. ಬಾಗಿಲ ಹತ್ತಿರ ಮೊಯ್ದೀನಬ್ಬ, ಶೆಡ್ಡಿನ ಸೂಪರ್‌ವೈಸರ್, ಟೊಪ್ಪಿ ಕೈಯಲ್ಲಿ ಹಿಡಿದು, “ನಾನು ಒತ್ತಿದ್ದು ಹೌದು ಧಣಿ, ಮೂವತ್ತು ಸಲ, ಬರಲಿಲ್ಲ. ಆದ್ರೆ ಬಾಯಿ ಸುಳ್ಳು ಹೇಳುವವಳಲ್ಲ,” ಎಂದ. “ಸುಳ್ಳು ಅಂತ ಯಾರು ಹೇಳಿದ್ದು ಮಾರಾಯ?” ಎಂದ ಚಿತ್ತರಂಜನ. “ವಯಸ್ಸು. ನಮ್ಮ ಅಮ್ಮನಿಗೂ ಸೂಜಿಗೆ ದಾರ ಹಾಕ್ಲಿಕ್ಕೆ ಆಗುದಿಲ್ಲ ಈಗ. ಕೀ ಸರಿ ಉಂಟು ಮಾವ, ನಾನೇ ಮಾಡಿದ್ದಲ್ವಾ, ಒಂದೊಂದು ಸಾಲೂ ನನಗೆ ಗೊತ್ತುಂಟು.” ಅವನು ಸುಳ್ಳು ಹೇಳುತ್ತಿರಲಿಲ್ಲ ಎನ್ನುವುದು ಹೇಮಾಕ್ಷಿಗೆ ಆಗ ಕಂಡಿತು. ಮೂರು ತಿಂಗಳಲ್ಲಿ ಅವನು ನಂಬಿಬಿಟ್ಟಿದ್ದ. ಅವಳ ತಲೆ ಆಡಿದ್ದರಿಂದ ನಂಬಿದ್ದ. ಆ ಕಡತದೊಳಗೆ ಒಂದು ಸಂಖ್ಯೆಯಿದೆ, ಅದು ಹತ್ತರಿಂದ ಒಂದಾಗಿ ನಿನ್ನೆ ಮತ್ತೆ ಹತ್ತಾಯಿತು ಎಂದು ಅವನಿಗೆ ಕನಸಿನಲ್ಲೂ ತಿಳಿಯುವಂತಿರಲಿಲ್ಲ.

ಧಣಿ ತಮ್ಮ ಪೆನ್ನಿನ ಮುಚ್ಚಳ ತೆಗೆದು ಮೇಜಿನ ಈಚೆಗೆ ಸರಿಸಿದರು. ಉರ್ಸುಲಾ ಬಾಯಿ ಪೆನ್ನು ಹಿಡಿದಳು. ಸಹಿ ಮಾಡುವ ಜಾಗ ಹುಡುಕುತ್ತಾ ಕಾಗದವನ್ನು ಕಣ್ಣಿಗೆ ದೂರ ಹಿಡಿದು, ಹತ್ತಿರ ಹಿಡಿದು, ಒಮ್ಮೆಗೇ ಇವಳತ್ತ ತಿರುಗಿದಳು. “ಪುತಾ, ನೀನು ಓದಿದವಳು. ನಿನಗೂ ಹಾಗೆ ಕಾಣ್ತದಾ? ನನ್ನ ಬೆರಳೇ?” ತಮಾಷೆ ಇರಲಿಲ್ಲ ಧ್ವನಿಯಲ್ಲಿ. ಕೆಲಸ ಹೋಗುವುದರ ಹೆದರಿಕೆಯೂ ಅಲ್ಲ ಅದು. ಇಪ್ಪತ್ತೆರಡು ವರ್ಷ ಜೊತೆಗಿದ್ದ ಹತ್ತು ಬೆರಳೆಂಬ ಹತ್ತು ಜನ ಒಮ್ಮೆಗೇ ಮೋಸ ಮಾಡಿದರೇ ಎಂದು ಕೇಳುವ ಹಾಗಿತ್ತು. ಹೇಮಾಕ್ಷಿಯ ಗಂಟಲಲ್ಲಿ ಜನವರಿಯಿಂದ ಕೂತಿದ್ದ ಮೂರು ಶಬ್ದ ಅಲುಗಿತು. ಆಗ ಹೇಳಿದ್ದರೆ ಧಣಿ ಬೆನ್ನು ತಟ್ಟುತ್ತಿದ್ದರು. ಈಗ ಹೇಳಿದರೆ ಅಪ್ಪ ಮಡಲು ಎಳೆಯುವ ಹಿತ್ತಿಲು, ಎರಡು ಕೋಣೆ, ಅಮ್ಮನ ಗಂಜಿ ಬೇಯುವ ಒಲೆ, ಎಲ್ಲ ಆ ಮೂರು ಶಬ್ದದ ಹಿಂದೆ ಸಾಲಾಗಿ ಹೊರಗೆ ಬರಬೇಕು. ಶಬ್ದ ಮಾತ್ರ ಅವೇ, ಒಂದಕ್ಷರ ಬದಲಾಗಿರಲಿಲ್ಲ.

“ಅವಳೆಂತ ಹೇಳ್ತಾಳೆ ಪಾಪ,” ಎಂದ ಚಿತ್ತರಂಜನ.

“ಹೇಳಲಿ,” ಎಂದರು ಧಣಿ, ಗಾಳಿ ಹಾಕುವುದನ್ನು ನಿಲ್ಲಿಸಿ. “ನೀನು ದಿನಾ ಮೆಶಿನಿನ ಹತ್ತಿರ ಇರುವವಳು. ಹೆದರಬೇಡ ಮಗಾ. ಚಿತ್ತ ಮಾಡಿದ ಕೀ ಸರಿ ಉಂಟಲ್ಲ?”

ಅವರ ಕಣ್ಣಲ್ಲಿ ಪ್ರೀತಿಯೇ ಇತ್ತು, ಸೋಡಾ ಕೊಡಿಸಿದ ದಿನದ ಪ್ರೀತಿ. ತನ್ನ ಕತ್ತಿನ ನರ ತಾನಾಗಿ ಸಡಿಲವಾಗುವುದು, ತಲೆ ತಾನಾಗಿ ಮುಂದಕ್ಕೆ ಬೀಳಲು ಹೊರಡುವುದು ಹೇಮಾಕ್ಷಿಗೆ ತಿಳಿಯಿತು. ಎರಡೂ ಕೈಯಿಂದ ಮೇಜಿನ ಅಂಚನ್ನು ಹಿಡಿದಳು.

“ಅದು,” ಎಂದಳು. ಉಳಿದೆರಡು ಶಬ್ದ ತಡ ಮಾಡಿದವು. ಒಂದು ಕ್ಷಣ ಹೋಯಿತು.

“ಅದು ಸರಿ ಉಂಟು ಅಂತ ಹೇಳ್ತಾ ಇದ್ದಾಳೆ ಮಾವ,” ಎಂದ ಚಿತ್ತರಂಜನ. ಉರ್ಸುಲಾ ಬಾಯಿ ನಿಧಾನವಾಗಿ ತಲೆ ತಗ್ಗಿಸಿ ಪೆನ್ನನ್ನು ಕಾಗದಕ್ಕೆ ಮುಟ್ಟಿಸಿದಳು.

ಹೇಮಾಕ್ಷಿ ಕೈ ಚಾಚಿ, ಆ ಕಾಗದದ ಮೇಲೆ ತನ್ನ ಅಂಗೈ ಊರಿದಳು. ಪೆನ್ನಿನ ಮುಳ್ಳು ಬೆರಳಿಗೆ ಗೀರಿ ನೀಲಿ ಗೆರೆ ಎಳೆಯಿತು. ಧಣಿಯ ಮುಖವನ್ನಲ್ಲ, ಚಿತ್ತರಂಜನನ ಮುಖವನ್ನಲ್ಲ, ಉರ್ಸುಲಾ ಬಾಯಿಯನ್ನೇ ನೋಡುತ್ತಾ, ಮೂರೂ ಶಬ್ದವನ್ನು ಒಂದೇ ಉಸಿರಿನಲ್ಲಿ, ನಡುವೆ ಕೂದಲೆಳೆಯಷ್ಟೂ ಎಡೆ ಬಿಡದೆ, ಹೊರಗಿನ ವರಾಂಡಕ್ಕೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

“ಅದು ಮಾಡಿದ್ದು ನಾನು.”